ಗೆದ್ದಾಕಿ ನಾನು

“ಅದನ್ನ ಹಾಕಂಗಿಲ್ಲ ಮೇಡಂ. ಸಿಸ್ಟಮ್‌ಗೆ ವೈರಸ್ ಬರುತ್ತೆ.”

ರಾಜಶ್ರೀ ತನ್ನ ಕೈಯಲ್ಲಿದ್ದ ಗೇಮ್ ಕಂಟ್ರೋಲರನ್ನು ನೋಡಿದಳು. ಆಮೇಲೆ, ಕೌಂಟರಿನ ಹಿಂದೆ ಕೂತು ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಸಲೀಸಾಗಿ ಹೇಳಿದವನನ್ನು ನೋಡಿದಳು. ಹಣೆಯ ಮೇಲೆ ಬಿದ್ದ ಕೂದಲು, ನಿದ್ದೆಗಣ್ಣು, ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಒಂದು ಸ್ಕ್ರೂಡ್ರೈವರ್.

“ಇದರಾಗ ವೈರಸ್ ಎಲ್ಲಿಂದ ಬರ್ತೈತ್ರೀ? ಇದಕ್ಕೇನು ನೆಗಡಿ ಆಗೈತೇನು?”

ಅವನ ತುಟಿಯ ಒಂದು ತುದಿ ಅಲುಗಿತು. ನಗು ಬಂದಿತ್ತು, ನುಂಗಿಕೊಂಡ. ಅದು ಅವಳ ಕಣ್ಣಿಗೆ ಬಿದ್ದೇಬಿಟ್ಟಿತು. ಸಿಟ್ಟು ಇನ್ನಷ್ಟು ಏರಿತು.

ಎರಡು ಸಾವಿರದ ಆರನೇ ಇಸವಿ. ಫುಟ್‌ಬಾಲ್ ವಿಶ್ವಕಪ್ ಶುರುವಾಗುವುದರಲ್ಲಿತ್ತು, ತಿಲಕ್ ನಗರದ ಹುಡುಗರೆಲ್ಲ ಇದ್ದಕ್ಕಿದ್ದಂತೆ ಬ್ರೆಜಿಲಿನವರಾಗಿಬಿಟ್ಟಿದ್ದರು. ಕೌಂಟರಿನಲ್ಲಿ ಕೂತಿದ್ದ ಈ ಚಲುವರಾಜುವಿನ ಗೇಮಿಂಗ್ ಸೆಂಟರ್ ಅವರಿಂದಲೇ ತುಂಬಿರುತ್ತಿತ್ತು. ಅವನ ಮನೆಯ ಕೆಳಗಿನ ಕೋಣೆ ಅದು. ಮೊದಲು ಒಬ್ಬ ಟೈಲರಿಗೆ ಬಾಡಿಗೆಗಿತ್ತು. ಈಗ ಗೋಡೆಯುದ್ದಕ್ಕೂ ಕಂಪ್ಯೂಟರುಗಳು, ಮಧ್ಯೆ ಒಂದು ಪೆಡೆಸ್ಟಲ್ ಫ್ಯಾನು, ಒಳಬಾಗಿಲಿನಾಚೆ ಮಹಡಿ ಮನೆಗೆ ಹೋಗುವ ಮೆಟ್ಟಿಲು.

ರಾಜಶ್ರೀ ಗುಳೇದಗುಡ್ಡದವಳು. ಜಯನಗರದ ಒಂದು ಕೊರಿಯರ್ ಆಫೀಸಿನಲ್ಲಿ ದೂರುಗಳ ಕೌಂಟರಿನಲ್ಲಿ ಕೂರುವ ಕೆಲಸ. ಬಾರದ ಪಾರ್ಸಲ್ಲು, ಒಡೆದ ಪಾರ್ಸಲ್ಲು, ಬೇರೆ ಯಾರದೋ ಮನೆ ಸೇರಿದ ಪಾರ್ಸಲ್ಲು, ಎಲ್ಲಕ್ಕೂ “ಸಾರಿ ಸರ್, ಸಾರಿ ಮೇಡಂ” ಅನ್ನುವುದೇ ಅವಳ ದಿನ. ಬಿಟಿಎಂ ಲೇಔಟಿನಲ್ಲಿ ಶ್ವೇತಾ ಎಂಬ ಕೊಪ್ಪಳದ ಹುಡುಗಿಯ ಜೊತೆ ರೂಮು. ಆಫೀಸಿನಿಂದ ರೂಮಿಗೆ ನಡೆದು ಹೋಗುವ ದಾರಿಯಲ್ಲಿ ತಿಲಕ್ ನಗರ, ಅಲ್ಲಿ ಈ ಸೆಂಟರಿನ ಬೋರ್ಡು.

ಊರಿನಲ್ಲಿ ಅವಳೂ ಅಣ್ಣ ಸಿದ್ದಾರೂಢನೂ ಸಂಜೆ ಕೂತು ಟಿವಿಗೆ ಗೇಮ್ ಕನ್ಸೋಲ್ ಹಚ್ಚಿ ಫುಟ್‌ಬಾಲ್ ಆಡುತ್ತಿದ್ದರು. ಒಮ್ಮೆ ವೋಲ್ಟೇಜು ಏರಿ ಕನ್ಸೋಲ್ ಸುಟ್ಟುಹೋಯಿತು. ಕಂಟ್ರೋಲರ್ ಉಳಿಯಿತು. ಅದನ್ನು ಬ್ಯಾಗಿನಲ್ಲಿಟ್ಟುಕೊಂಡೇ ಅವಳು ಬೆಂಗಳೂರಿಗೆ ಬಂದಿದ್ದಳು, ಏನು ಮಾಡಬೇಕೆಂದು ಗೊತ್ತಿಲ್ಲದೆ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಮೊನ್ನೆ ಒಂದು ಕನ್ವರ್ಟರ್ ಕಣ್ಣಿಗೆ ಬಿತ್ತು. ಮೋಟು ವೈರು. ಒಂದು ತುದಿಗೆ ಕಂಟ್ರೋಲರ್ ಸಿಕ್ಕಿಸಬೇಕು, ಇನ್ನೊಂದು ತುದಿಯನ್ನು ಕಂಪ್ಯೂಟರಿನ ಯುಎಸ್‌ಬಿಗೆ. ಅಂಗಡಿಯವನು ಕೊಟ್ಟಾಗ ಅವಳಿಗಾದ ಖುಷಿ ಅಷ್ಟಿಷ್ಟಲ್ಲ.

ಈಗ ಈ ನಿದ್ದೆಗಣ್ಣಿನವನು ವೈರಸ್ ಅನ್ನುತ್ತಿದ್ದ.

“ನೋಡ್ರಿ, ಇದರಾಗ ಇರೂದು ಗುಂಡಿ ಮತ್ತ ಕಡ್ಡಿ. ನಿಮ್ಮ ಕೀಬೋರ್ಡಿನಾಗೂ ಗುಂಡಿ ಅದಾವು. ಅದಕ್ಕ ಬರಲಾರದ ವೈರಸ್ ಇದಕ್ಕ ಯಾಕ ಬರ್ತೈತಿ? ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅನ್ರಿ.”

ಹಿಂದೆ ಆಡುತ್ತಿದ್ದ ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಚಲುವರಾಜು ಕಿವಿ ತುರಿಸಿಕೊಂಡ.

“ಗೊತ್ತಿಲ್ಲ,” ಅಂದ.

ಇಷ್ಟು ಬೇಗ ಒಪ್ಪಿಕೊಂಡಿದ್ದಕ್ಕೆ ಅವಳಿಗೆ ಮುಂದೇನು ಬೈಯಬೇಕೆಂದು ತೋಚಲಿಲ್ಲ.

“ನಾನು ಯಾವತ್ತೂ ಹಾಕಿಲ್ಲ ಮೇಡಂ. ಬನ್ನಿ, ನೋಡೇಬಿಡೋಣ.”

*

ನಾಲ್ಕನೇ ಸಿಸ್ಟಮ್ ಖಾಲಿಯಿತ್ತು. ಕನ್ವರ್ಟರ್ ಜೊತೆ ಅಂಗೈಯಗಲದ ಒಂದು ಪುಟ್ಟ ಸಿಡಿ ಬಂದಿತ್ತು. ಡ್ರೈವಿನ ಬಾಗಿಲು ತೆರೆಯಲಿಲ್ಲ. ಅವನು ಪಿನ್ನು ಚುಚ್ಚಿ ತೆರೆದ. ಸಿಡಿಯಲ್ಲಿದ್ದ ಡ್ರೈವರ್ ಸಾಫ್ಟ್‌ವೇರ್ ಕಂಪ್ಯೂಟರಿಗೆ ಹತ್ತಿತು. ಮುಂದಿನ ಪೋರ್ಟಿಗೆ ವೈರು ಸಿಕ್ಕಿಸಿದರೆ ಕನ್ವರ್ಟರಿನ ದೀಪ ಮಿಣಕ್ಕೆಂದು ಆರಿಹೋಯಿತು.

“ಮುಂದಿನ ಪೋರ್ಟಿಗೆ ಪವರ್ ಸಾಲ್ತಿಲ್ಲ ಅನ್ಸುತ್ತೆ. ಹಿಂದ್ಗಡೆ ಹಾಕ್ಬೇಕು.”

ಅವನು ಟೇಬಲ್ಲಿನ ಕೆಳಗೆ ನುಸುಳಿದ. ಅವಳು ಮಂಡಿಯೂರಿ ಮೊಬೈಲಿನ ಬೆಳಕು ಹಿಡಿದಳು. ಕ್ಯಾಬಿನೆಟ್ಟಿನ ಹಿಂದೆ ವರ್ಷಗಳ ಧೂಳು. ಅವನು ಒಂದಾದ ಮೇಲೊಂದು ಸೀನಿದ.

“ಈಗ ಗೊತ್ತಾತು ನೋಡ್ರಿ,” ಅಂದಳು ಅವಳು, “ವೈರಸ್ ಯಾರಿಗೆ ಐತಿ ಅಂತ.”

ಕತ್ತಲಲ್ಲಿ ಅವನು ತಿರುಗಿ ನೋಡಿದ. ಮೂಗಿನ ತುದಿಗೆ ಧೂಳು, ಕಣ್ಣಲ್ಲಿ ನೀರು, ಈ ಸಲ ನುಂಗಿಕೊಳ್ಳದ ನಗು. ಮೊಬೈಲಿನ ಬೆಳಕನ್ನು ಪೋರ್ಟಿನ ಕಡೆ ಹಿಡಿಯಬೇಕೆಂಬುದು ಅವಳಿಗೆ ಒಂದು ಕ್ಷಣ ಮರೆತೇಹೋಯಿತು.

“ಮೇಡಂ, ಲೈಟು ನನ್ ಮುಖಕ್ಕೆ ಬಿಟ್ರೆ ಹೆಂಗೆ?”

“ನಿಮ್ಮ ಮುಖ ಅಡ್ಡ ಬಂದೈತಿ. ಸರ್ಕೊಳ್ರಿ.”

ಸ್ಪೀಕರಿನಿಂದ ಟಿಡಿಂಗ್ ಎಂದು ಸದ್ದು ಬಂತು. ಕಂಪ್ಯೂಟರ್ ಒಪ್ಪಿಕೊಂಡಿತ್ತು.

ಒಪ್ಪಿಕೊಂಡರೂ ಮಾತು ಕೇಳಲಿಲ್ಲ. ಆಟ ತೆರೆದು ಪಾಸ್ ಒತ್ತಿದರೆ ಗೋಲ್‌ಕೀಪರ್ ಗೋಲು ಬಿಟ್ಟು ಓಡಿಬಂದ. ಶೂಟ್ ಒತ್ತಿದರೆ ಆಟವೇ ನಿಂತಿತು. ಗುಂಡಿಗಳ ನಂಬರು ಎಲ್ಲ ಅದಲುಬದಲು. ಒಂದೊಂದಾಗಿ ಹೊಸದಾಗಿ ಹೇಳಿಕೊಡಬೇಕಾಯಿತು. ಅವನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮೌಸ್ ಹಿಡಿದ, ಅವಳು ಕಂಟ್ರೋಲರ್.

“ಪಾಸ್?”

“ಒತ್ತೀನಿ.”

“ಶೂಟ್?”

“ಒತ್ತೀನಿ.”

“ಜೋರಾಗಿ ಓಡೋದು?”

“ಅದೂ ಒತ್ತೀನಿ. ನೀವು ಸ್ಕ್ರೀನ್ ನೋಡ್ರಿ, ನನ್ನ ಕೈ ಏನು ನೋಡ್ತೀರಿ?”

ಅವನ ಕಿವಿ ಕೆಂಪಾಯಿತು. ಅವಳು ಗಮನಿಸದ ಹಾಗೆ ಮಾಡಿ ಚೆನ್ನಾಗಿ ಗಮನಿಸಿದಳು.

ಇಷ್ಟೆಲ್ಲ ಆದ ಮೇಲೂ ಹೆಬ್ಬೆರಳಿನ ಕಡ್ಡಿ ಅಲ್ಲಾಡಿಸಿದರೆ ಆಟಗಾರ ನಿಂತಲ್ಲೇ ನಿಂತಿದ್ದ. ಇಬ್ಬರೂ ತಲೆ ಕೆಡಿಸಿಕೊಂಡರು. ವೈರು ಬಿಚ್ಚಿ ಹಾಕಿದರು, ಕಂಪ್ಯೂಟರ್ ಆರಿಸಿ ಹಚ್ಚಿದರು. ಕೊನೆಗೆ ಬೇಸರದಿಂದ ಅವಳು ಕಂಟ್ರೋಲರಿನ ನಟ್ಟನಡುವಿನ ಚಿಕ್ಕ ಗುಂಡಿಯನ್ನು ಒತ್ತಿದಳು. ಕೆಂಪು ದೀಪ ಹತ್ತಿತು. ಆಟಗಾರ ಬಾಣದ ಹಾಗೆ ಓಡಿದ.

“ಓಡ್ತು! ಓಡ್ತು ಗುರು!” ಎಂದು ಅವನು ಕೂಗಿದ.

ಅವಳು ಅವನ ಮಣಿಕಟ್ಟು ಹಿಡಿದು ಕುಲುಕಿದಳು. ಹಿಡಿದದ್ದು ಗೊತ್ತಾದ ಮೇಲೆ ಬಿಟ್ಟಳು, ಆದರೆ ಬೇಗ ಬಿಡಲಿಲ್ಲ.

*

ಅಂದಿನಿಂದ ಆಫೀಸು ಬಿಟ್ಟ ಮೇಲೆ ಅವಳ ದಾರಿ ಸೆಂಟರಿನ ಬಾಗಿಲನ್ನು ಹಾದು ಮುಂದೆ ಹೋಗಲಿಲ್ಲ, ಬಾಗಿಲೊಳಗೆ ಹೋಯಿತು. ನಾಲ್ಕನೇ ಸಿಸ್ಟಮ್ ಸಂಜೆ ಹೊತ್ತು ಹೇಗೋ ಖಾಲಿಯೇ ಇರುತ್ತಿತ್ತು. “ರಿಪೇರಿ” ಎಂಬ ಚೀಟಿ ಅಂಟಿಸಿ ಅವನೇ ಖಾಲಿ ಇಡುತ್ತಿದ್ದಾನೆಂದು ಅವಳಿಗೆ ತಡವಾಗಿ ಗೊತ್ತಾಯಿತು.

ಅವಳು ಆಡುತ್ತಿದ್ದುದು ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ದಿನವಿಡೀ ಕೌಂಟರಿನಲ್ಲಿ ತಲೆ ಬಾಗಿಸಿ ಕೇಳಿಸಿಕೊಂಡ ಮಾತೆಲ್ಲ ಅವಳ ಹೆಬ್ಬೆರಳಿನಿಂದ ಇಳಿದುಹೋಗುತ್ತಿತ್ತು. ಗೋಲು ಬಿದ್ದಾಗ ಕೂಗುತ್ತಿರಲಿಲ್ಲ. ಕುರ್ಚಿಗೆ ಒರಗಿ, ಕೌಂಟರಿನ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದಳು. ಅಲ್ಲಿ ಎರಡು ಕಣ್ಣು ಮೊದಲೇ ಕಾದಿರುತ್ತಿದ್ದವು.

“ನಿಮ್ ಕನ್ನಡ ಕೇಳ್ತಿದ್ರೆ, ಮಾತಾಡ್ತಿದ್ದೀರೋ ಬೈತಿದ್ದೀರೋ ಗೊತ್ತೇ ಆಗಲ್ಲ,” ಎಂದು ಅವನು ಒಮ್ಮೆ ಟೀ ಲೋಟ ಇಡುತ್ತ ಅಂದ.

“ಬೈದಾಗ ಗೊತ್ತಾಗ್ತೈತಿ. ಅವಸರ ಮಾಡಬ್ಯಾಡ್ರಿ.”

ಅವನ ತಾಯಿ ಮುನಿಲಕ್ಷ್ಮಮ್ಮ ಒಮ್ಮೊಮ್ಮೆ ಮೆಟ್ಟಿಲಿಳಿದು ಬಂದು ಅವಳಿಗೆ ಬಿಸಿ ನಿಪ್ಪಟ್ಟು ಕೊಟ್ಟು, “ತಿನ್ನಮ್ಮಣ್ಣಿ, ಆ ವೈರು ಕೈಗೆ ಸುತ್ಕೊಂಡು ಏನು ಆಡ್ತೀಯೋ,” ಅನ್ನುತ್ತಿದ್ದರು. ಸಂಜೆ ಕತ್ತಲಾಗುವ ಮೊದಲು ಅವನು ಬಿಟಿಎಂ ತಿರುವಿನವರೆಗೆ ಬಿಟ್ಟುಬರುತ್ತಿದ್ದ. ರಸ್ತೆ ದಾಟುವಾಗ ಅವಳ ಬಲಕ್ಕೆ ಬರುತ್ತಿದ್ದ, ದಾಟಿದ ಮೇಲೆ ಎಡಕ್ಕೆ. ಬಸ್ಸು ಬರುವ ಕಡೆ ಯಾವಾಗಲೂ ಅವನೇ. ಇಬ್ಬರೂ ಏನನ್ನೂ ಹೇಳಿಕೊಂಡಿರಲಿಲ್ಲ. ಹೇಳಬೇಕಾದ್ದು ಇದೆ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿತ್ತು.

ಸೆಂಟರಿನಲ್ಲಿ ಅವಳು ಬರುವುದನ್ನು ಇಷ್ಟಪಡದವನು ಒಬ್ಬನಿದ್ದ. ವೇಣು. ಚಲುವರಾಜುವಿನ ಬಾಲ್ಯದ ಗೆಳೆಯ, ಅದೇ ಬೀದಿಯವನು, ಇದುವರೆಗೆ ಅಲ್ಲಿಯ ಮೊದಲ ಆಟಗಾರ. ಅವನ ಹಿಂದೆ ಐದಾರು ಹುಡುಗರ ದಂಡು. ಸೆಂಟರು ನಡೆಯುತ್ತಿದ್ದುದೇ ಆ ದಂಡಿನಿಂದ.

ವಿಶ್ವಕಪ್ ಮುಗಿದ ಮೇಲಿನ ಭಾನುವಾರ ಚಲುವರಾಜು ಒಂದು ಟೂರ್ನಮೆಂಟ್ ಇಟ್ಟ. ಬೆಳಿಗ್ಗೆ ಎಲ್ಲರ ಮುಂದೆ ನಿಂತು, “ಕೀಬೋರ್ಡೋ ಕಂಟ್ರೋಲರೋ, ಅವರವರ ಇಷ್ಟ. ಸೋತ ಮೇಲೆ ಕಿರಿಕ್ ಮಾಡಂಗಿಲ್ಲ,” ಎಂದ. ಹುಡುಗರೆಲ್ಲ ಹೂಂ ಅಂದರು. ವೇಣುವೂ ಅಂದ.

ಸೆಮಿಫೈನಲ್ಲಿನಲ್ಲಿ ವೇಣುವಿಗೆ ರಾಜಶ್ರೀ ಎದುರಾದಳು. ಮೂರು ಗೋಲು ಹೊಡೆದಳು, ಒಂದು ಬಿಟ್ಟುಕೊಟ್ಟಳು. ಮೂರನೆಯದನ್ನು ಮೈದಾನದ ಅರ್ಧದಿಂದ ಒಬ್ಬಳೇ ಒಯ್ದು ಹೊಡೆದಳು. ಆಟ ನೋಡಲು ಜೊತೆಗೆ ಬಂದಿದ್ದ ಶ್ವೇತಾ ಹಿಂದಿನಿಂದ ಶಿಳ್ಳೆ ಹಾಕಿದಳು.

ವೇಣು ಕೀಬೋರ್ಡನ್ನು ತಳ್ಳಿ ಎದ್ದ.

“ಚೀಟಿಂಗ್ ಗುರು ಇದು. ಆ ವೈರಲ್ಲಿ ಏನೋ ಇದೆ. ಅದೇ ಓಡ್ಸುತ್ತೆ, ಅದೇ ಹೊಡಿಯುತ್ತೆ. ಇವರು ಸುಮ್ನೆ ಹಿಡ್ಕೊಂಡು ಕೂತಿರ್ತಾರೆ.”

“ಹೌದು ಮಗಾ, ನಾನೂ ನೋಡ್ದೆ,” ಎಂದು ಹಿಂದಿನಿಂದ ಇನ್ನೊಬ್ಬ.

ರಾಜಶ್ರೀಗೆ ನಗು ಬಂತು. ಆ ವೈರನ್ನು ಸಿಕ್ಕಿಸಿದವನು ಚಲುವರಾಜು. ಒಂದೊಂದು ಗುಂಡಿಯನ್ನೂ ಹೊಂದಿಸಿದವನು ಅವನೇ. ಅದರಲ್ಲಿ ಏನಿದೆ, ಏನಿಲ್ಲ ಎಂಬುದು ಈ ಭೂಮಿಯ ಮೇಲೆ ಅವಳನ್ನು ಬಿಟ್ಟರೆ ಅವನಿಗೊಬ್ಬನಿಗೇ ಗೊತ್ತಿತ್ತು. ಅವಳು ಅವನ ಕಡೆ ತಿರುಗಿ ಕಾದಳು.

ಅವನು ಅವಳನ್ನು ನೋಡಲಿಲ್ಲ. ನೆಲ ನೋಡಿದ, ವೇಣುವನ್ನು ನೋಡಿದ, ತುಂಬಿದ ಕೋಣೆಯನ್ನು ನೋಡಿದ.

“ರಾಜಶ್ರೀ ಅವ್ರೇ… ಒಂದ್ ಮ್ಯಾಚ್ ತಾನೇ. ಕೀಬೋರ್ಡಲ್ಲಿ ಇನ್ನೊಂದ್ಸಲ ಆಡ್ಬಿಡಿ. ಹುಡುಗ್ರು ಗಲಾಟೆ ಮಾಡ್ತಾರೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

“ಯಾಕ?”

ಉತ್ತರ ಕೊಟ್ಟವನು ವೇಣು.

“ಇವನು ಅವತ್ತಿಂದ ಇವರಿಗೇ ಸಿಸ್ಟಮ್ ಹಿಡಿದಿಡ್ತಾನೆ. ಇವರಿಗೇ ಟೀ. ಲವ್ವು ಗುರು, ಲವ್ವು. ಅದಕ್ಕೇ ಕಂಟ್ರೋಲರ್ ಹಾಕಕ್ಕೆ ಬಿಟ್ಟಿರೋದು.”

ಕೋಣೆಯೆಲ್ಲ ಓಹೋ ಎಂದಿತು. ಚಲುವರಾಜುವಿನ ಮುಖ ಕೆಂಪೇರಿತು.

“ಏನಿಲ್ಲ ಮಗಾ. ಸುಮ್ನಿರು. ಅವರು ಬರೀ ಕಸ್ಟಮರ್.”

ಅದು ರಾಜಶ್ರೀಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ಎದ್ದು ನಿಂತಳು. ಕನ್ವರ್ಟರಿಗಾಗಿ ಟೇಬಲ್ಲಿನ ಕೆಳಗೆ ಬಗ್ಗಿ ಇವರೆದುರು ಮಂಡಿಯೂರಲು ಮನಸ್ಸಾಗದೆ, ಕಂಟ್ರೋಲರನ್ನು ಮಾತ್ರ ಎಳೆದು ಕಿತ್ತುಕೊಂಡಳು.

“ಕಸ್ಟಮರ್ ಹೊಂಟಾಳ್ರಿ,” ಅಂದಳು. “ಬಾಗಿಲು ಬಿಡ್ರಿ.”

*

“ಅಳು ಬರ್ತಿದ್ರ ಅತ್ತುಬಿಡು,” ಎಂದಳು ಶ್ವೇತಾ, ರೂಮಿನಲ್ಲಿ ಚಪಾತಿ ಲಟ್ಟಿಸುತ್ತ.

“ಸೋತಿದ್ರ ಅಳ್ತಿದ್ದೆ. ಗೆದ್ದೀನಿ! ಗೆದ್ದು ಹೊರಗ ಬಂದೀನಿ! ಇದಕ್ಕ ಯಾರರ ಅಳ್ತಾರೇನು?”

“ಮತ್ತ ಕಣ್ಣಾಗ ನೀರು?”

“ಸಿಟ್ಟಿನ ನೀರು ಅದು.”

ವೇಣುವಿನ ಮೇಲೆ ಅವಳಿಗೆ ಅಷ್ಟು ಸಿಟ್ಟಿರಲಿಲ್ಲ. ಸೋತವರು ಕೂಗಾಡುತ್ತಾರೆ, ಅಣ್ಣ ಸಿದ್ದಾರೂಢ ಸೋತಾಗ ಟಿವಿಯನ್ನೇ ಬೈಯುತ್ತಿದ್ದ. ಆದರೆ ಇವನು! ಮೂಗಿಗೆ ಧೂಳು ಹಚ್ಚಿಕೊಂಡು ಹಿಂದಿನ ಪೋರ್ಟು ಹುಡುಕಿದವನು, ಬಸ್ಸು ಬರುವ ಕಡೆ ತಾನು ನಡೆಯುವವನು, ಐದಾರು ಹುಡುಗರ ಮುಂದೆ ಅವಳನ್ನು ಪಕ್ಕಕ್ಕೆ ಸರಿಸಿಬಿಟ್ಟ. ಅಡ್ಜಸ್ಟ್ ಅಂತೆ. ಆ ಶಬ್ದವನ್ನು ಅವಳು ಲಟ್ಟಣಿಗೆಯ ಸದ್ದಿನ ಜೊತೆ ಎಷ್ಟೋ ಸಲ ಹೇಳಿಕೊಂಡಳು. ಅದನ್ನು ಇಲ್ಲಿಯ ಜನ ಬಸ್ಸಿನ ಸೀಟಿಗೂ ಅನ್ನುತ್ತಾರೆ, ಮನುಷ್ಯರ ಮರ್ಯಾದೆಗೂ ಅನ್ನುತ್ತಾರೆ.

ಮಾರನೆಯ ದಿನ ಅವನು ಕೊರಿಯರ್ ಆಫೀಸಿಗೆ ಬಂದ. ಸಾಲಿನಲ್ಲಿ ನಿಂತ. ಸಾಲು ಕರಗಿ ಅವಳ ಕೌಂಟರಿನ ಮುಂದೆ ಬಂದಾಗ ಅವಳು ತಲೆಯೆತ್ತದೆ, ಆಫೀಸಿನ ಕನ್ನಡದಲ್ಲಿ, “ಹೇಳಿ ಸರ್, ಏನು ತೊಂದರೆ?” ಎಂದಳು.

“ರಾಜಶ್ರೀ ಅವ್ರೇ, ಸಾರಿ ಹೇಳಕ್ಕೆ ಬಂದೆ.”

ಆಗ ತಲೆಯೆತ್ತಿದಳು. ಅವನು ರಾತ್ರಿ ನಿದ್ದೆ ಮಾಡಿರಲಿಲ್ಲ. ಅದು ಕಂಡಿತು. ಕಂಡರೂ ಮನಸ್ಸು ಕರಗಲಿಲ್ಲ.

“ಈ ಕೌಂಟರಿನಾಗ ಸಾರಿ ಹೇಳೂದು ನನ್ನ ಕೆಲಸ ರೀ. ದಿನಾ ಹೇಳ್ತೀನಿ. ಪಾರ್ಸಲ್ ಸಿಗೂದಿಲ್ಲ ಅಂತ ಗೊತ್ತಾದ ಮ್ಯಾಲ ಸಾರಿ ಹೇಳೂದು. ಅದರ ಬೆಲಿ ನಂಗ ಗೊತ್ತೈತಿ.”

“ನಂಗೆ ನಿನ್ನೆ ಬಾಯೇ ಬರ್ಲಿಲ್ಲ. ಚಿಕ್ಕ ವಯಸ್ಸಿಂದ ಜೊತೇಲಿ ಬೆಳ್ದೋರು ಅವ್ರು…”

“‘ಬರೀ ಕಸ್ಟಮರ್’ ಅನ್ನಾಕ ಬಾಯಿ ಬಂತಲ್ರೀ. ಅಷ್ಟು ಚೊಲೋ ಬಂತು!”

ಹಿಂದೆ ನಿಂತಿದ್ದ ಹಿರಿಯರೊಬ್ಬರು ಕೆಮ್ಮಿದರು. ಅವಳು ದನಿ ತಗ್ಗಿಸಿದಳು.

“ನನ್ನ ಕನ್ವರ್ಟರ್ ಅಲ್ಲೇ ಉಳದೈತಿ.”

“ತಂದ್ಕೊಡ್ತೀನಿ.”

“ಬ್ಯಾಡ. ನಾನ ಬಂದು ತಗೊಂತೀನಿ. ಕದ್ದವರಂಗ ಯಾಕ ಬಿಟ್ಟು ಬರ್ಲಿ? ಎಲ್ಲರ ಮುಂದ ಬಂದು ತಗೊಂತೀನಿ.”

“ಭಾನುವಾರ ಬನ್ನಿ. ಟೂರ್ನಮೆಂಟ್ ನಿನ್ನೆ ಅಲ್ಲಿಗೇ ನಿಂತೋಯ್ತು. ಎಲ್ರೂ ಬರ್ತಾರೆ.”

“ಮುಂದಿನವರು ಬರ್ರಿ,” ಎಂದಳು ಅವಳು. ಕೈಯಲ್ಲಿದ್ದ ಸ್ಟಾಂಪನ್ನು ಖಾಲಿ ಟೇಬಲ್ಲಿನ ಮೇಲೆ ಒತ್ತಿಬಿಟ್ಟಿದ್ದಳು.

*

ಭಾನುವಾರ ಅವಳು ಶ್ವೇತಾಳ ಜೊತೆ ಬಂದಾಗ ಸೆಂಟರು ತುಂಬಿತ್ತು. ವೇಣು ಮತ್ತವನ ದಂಡು ಗೋಡೆಗೊರಗಿ ನಿಂತಿದ್ದರು. ಒಳಬಾಗಿಲಿನಲ್ಲಿ ಮುನಿಲಕ್ಷ್ಮಮ್ಮ, ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್ಟು; ಒಣಹಾಕಲು ಹೊರಟವರು ಗದ್ದಲ ಕೇಳಿ ನಿಂತಿದ್ದರು.

ರಾಜಶ್ರೀ ಯಾರನ್ನೂ ನೋಡದೆ ನಾಲ್ಕನೇ ಸಿಸ್ಟಮ್ ಕಡೆ ನಡೆದಳು. ಚಲುವರಾಜು ಮುಂದೆ ಬಂದ. ಅವನ ಮುಖದಲ್ಲಿ ಒಂದು ಹುರುಪಿತ್ತು, ಇಡೀ ವಾರ ಯೋಚಿಸಿ ದಾರಿ ಕಂಡುಕೊಂಡವನ ಹುರುಪು.

“ಒಂದ್ನಿಮಿಷ. ನಾನೊಂದು ಪ್ಲಾನ್ ಮಾಡಿದೀನಿ. ವೇಣು ನಿಮ್ ಕಂಟ್ರೋಲರ್ ಹಿಡ್ಕೊಳ್ಳಲಿ. ನೀವು ಕೀಬೋರ್ಡಲ್ಲಿ ಆಡಿ. ವೈರಲ್ಲಿ ಏನೂ ಇಲ್ಲ ಅಂತ ಎಲ್ರಿಗೂ ಗೊತ್ತಾಗೋಗುತ್ತೆ. ಕಥೆ ಮುಗೀತು.”

ವೇಣು ಭುಜ ಕುಣಿಸಿ, “ನಾನು ರೆಡಿ,” ಎಂದ.

ಎಲ್ಲರೂ ಅವಳನ್ನು ನೋಡಿದರು. ಚಲುವರಾಜು ಅವಳು ಮೆಚ್ಚುತ್ತಾಳೆಂದು ನಿಜವಾಗಿಯೂ ನಂಬಿ ನಿಂತಿದ್ದ. ರಾಜಶ್ರೀ ಅವನ ಕಡೆ ತಿರುಗಿದಳು.

“ಗೆದ್ದಾಕಿ ನಾನು. ಮತ್ತ ಪರೀಕ್ಷೆನೂ ನಾನ ಬರೀಬೇಕೇನು?”

“ಅಲ್ಲ, ಅವ್ರಿಗೆ ಡೌಟು ಬಂದಿದೆ, ಅದಕ್ಕೆ…”

“ಅವತ್ತು ವೇಣು ಗೆದ್ದಿದ್ರ ಅವನ ಕೀಬೋರ್ಡ್ ಬಿಚ್ಚಿ ನೋಡ್ತಿದ್ರೇನು? ಅವನಿಗೆ ‘ನಾಳೆ ಬಂದು ಇನ್ನೊಮ್ಮೆ ಆಡಿ ತೋರಿಸು’ ಅಂತಿದ್ರೇನು? ಇಲ್ಲ! ಅವನು ಗೆದ್ರ ಅವನಿಗೆ ಆಟ ಬರ್ತೈತಿ. ನಾ ಗೆದ್ರ ವೈರಿನಾಗ ಏನೋ ಐತಿ.” ಅವಳು ಕನ್ವರ್ಟರಿನ ಕಡೆ ಕೈ ತೋರಿದಳು. “ವೈರಿನಾಗ ಏನೂ ಇಲ್ಲ ಅಂತ ಈ ಕೋಣ್ಯಾಗ ಒಬ್ಬರಿಗೆ ಗೊತ್ತಿತ್ತು. ಅವರು ಬಾಯಿ ಬಿಡಲಿಲ್ಲ. ನನಗ ಬೇಕಾಗಿದ್ದು ಮ್ಯಾಚ್ ಅಲ್ರೀ. ಆ ಒಂದು ಮಾತು.”

ಬಾಗಿಲಿನಲ್ಲಿ ಮುನಿಲಕ್ಷ್ಮಮ್ಮ ಬಕೆಟ್ಟು ಕೆಳಗಿಟ್ಟರು.

“ಸರ್ಯಾಗೇ ಕೇಳ್ತಾವ್ಳೆ ಕಣೋ,” ಎಂದರು ಮಗನಿಗೆ. “ಗೊತ್ತಿದ್ರೆ ಹೇಳಕ್ಕೇನಾಗಿತ್ತು ನಿಂಗೆ?”

ಚಲುವರಾಜುವಿನ ಹುರುಪೆಲ್ಲ ಇಳಿದುಹೋಗಿತ್ತು. ಈ ಸಲವೂ ನೆಲ ನೋಡುತ್ತಾನೆಂದುಕೊಂಡಳು ರಾಜಶ್ರೀ. ಅವನು ನೆಲ ನೋಡಲಿಲ್ಲ.

“ಯಾರೂ ಏನೂ ಆಡಬೇಕಾಗಿಲ್ಲ,” ಎಂದ. “ಆ ಮ್ಯಾಚ್ ಅವತ್ತೇ ಮುಗೀತು. ರಾಜಶ್ರೀ ಗೆದ್ರು. ಆ ಕನ್ವರ್ಟರ್ ಸಿಕ್ಸಿದ್ದು ನಾನು, ಬಟನ್ ಎಲ್ಲಾ ಸೆಟ್ ಮಾಡಿದ್ದು ನಾನು. ಅದ್ರಲ್ಲಿ ಏನೂ ಇಲ್ಲ. ನಂಗೆ ಅವತ್ತೇ ಗೊತ್ತಿತ್ತು. ನಿಮಗೆಲ್ಲ ಬೇಜಾರಾಗುತ್ತೆ ಅಂತ ಸುಮ್ನಿದ್ದೆ.”

“ಹುಡುಗಿಗೋಸ್ಕರ ಫ್ರೆಂಡ್ಸ್‌ನ ಬಿಡ್ತೀಯಾ?” ಎಂದ ವೇಣು.

“ಸೋತಿದ್ದು ನೀನು ವೇಣು. ಸೋಲ್ಸಿದ್ದು ಅವ್ರು. ಇದರಲ್ಲಿ ನಾನು ಬಿಡೋದು ಏನಿದೆ?”

“ಸರಿ ಬಿಡು. ನಿನ್ ಸೆಂಟರ್‌ಗೆ ಇನ್ಮೇಲೆ ನಮ್ಮಲ್ಲಿ ಒಬ್ರೂ ಬರಲ್ಲ.”

“ಬರ್ಬೇಡ ಮಗಾ. ನಂಗೆ ಬೇಜಾರಾಗುತ್ತೆ. ಆದ್ರೂ ಬರ್ಬೇಡ.”

ವೇಣು ನಂಬಲಾರದವನಂತೆ ಒಂದು ಕ್ಷಣ ನಿಂತ. ಬಳಿಕ ಹೊರಟ. ಅವನ ಹಿಂದೆ ದಂಡು ಹೊರಟಿತು; ಎಲ್ಲರೂ ಅಲ್ಲ, ಇಬ್ಬರು ಚಪ್ಪಲಿ ಹುಡುಕುವ ನೆಪದಲ್ಲಿ ಉಳಿದರು.

“ಇನ್ನೊಂದು,” ಎಂದ ಚಲುವರಾಜು, ಉಳಿದವರಿಗೆಲ್ಲ ಕೇಳುವಂತೆ. “ಅವತ್ತು ಬರೀ ಕಸ್ಟಮರ್ ಅಂದೆ. ಅದು ಸುಳ್ಳು. ವೇಣು ಹೇಳಿದ್ದೇ ನಿಜ. ನಂಗೆ ಇವರು ಇಷ್ಟ.”

ಒಳಬಾಗಿಲಿನಲ್ಲಿ ಮುನಿಲಕ್ಷ್ಮಮ್ಮ “ಅಯ್ಯಯ್ಯೋ” ಎಂದು ಸೆರಗನ್ನು ಬಾಯಿಗೊತ್ತಿಕೊಂಡರು. ನಗುವೋ ಗಾಬರಿಯೋ ತಿಳಿಯಲಿಲ್ಲ. ಶ್ವೇತಾ ಶಿಳ್ಳೆ ಹಾಕಿದಳು. ರಾಜಶ್ರೀ ಮಾತ್ರ ಸ್ಕ್ರೀನಿನ ಕಡೆ ತಿರುಗಿ, ಕುರ್ಚಿ ಎಳೆದು ಕೂತು, ಬ್ಯಾಗಿನಿಂದ ಕಂಟ್ರೋಲರ್ ತೆಗೆದು ಕನ್ವರ್ಟರಿಗೆ ಸಿಕ್ಕಿಸಿದಳು.

“ಫೈನಲ್ ಯಾರ ಜೋಡಿ ರೀ? ಹಚ್ರಿ ಲಗೂನ.”

ಫೈನಲ್ ಇದ್ದದ್ದು ಹನಮಂತ ಎಂಬವನ ಜೊತೆ. ಹನುಮಂತನಗರದಿಂದ ಬಸ್ಸು ಹಿಡಿದು ಬರುವ ಮಾತಿಲ್ಲದ ಕಾಲೇಜು ಹುಡುಗ. ಇಷ್ಟೆಲ್ಲ ನಡೆಯುವಾಗ ಮೂಲೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದವನು ಅವನೊಬ್ಬನೇ. ಆಟ ಸಮಸಮವಾಗಿ ಪೆನಾಲ್ಟಿಯವರೆಗೆ ಹೋಯಿತು. ಕೊನೆಯ ಪೆನಾಲ್ಟಿಯಲ್ಲಿ ರಾಜಶ್ರೀಯ ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹಾರಿತು.

ಸೋತಳು. ಹನಮಂತ ಸಂಕೋಚದಿಂದ “ನೀವು ಸಖತ್ತಾಗಿ ಆಡಿದ್ರಿ ಅಕ್ಕಾ” ಎಂದ. ಅವಳು ಅವನ ಬೆನ್ನು ತಟ್ಟಿದಳು. ಟೇಬಲ್ಲಿನ ಕೆಳಗೆ ಬಗ್ಗಿ ಕನ್ವರ್ಟರ್ ಕಿತ್ತುಕೊಂಡು, ಧೂಳು ಒರೆಸಿ, ಬ್ಯಾಗಿಗೆ ಹಾಕಿ ಹೊರಗೆ ನಡೆದಳು.

*

ಚಲುವರಾಜು ಹಿಂದೆಯೇ ಓಡಿಬಂದ. ಬೀದಿಯಲ್ಲಿ ಸಂಜೆಯ ಬಿಸಿಲು ಓರೆಯಾಗಿತ್ತು. ಮಸೀದಿ ಪಕ್ಕದ ಹಣ್ಣಿನ ಗಾಡಿಯವನು ಪಪ್ಪಾಯಿಗೆ ನೀರು ಚಿಮುಕಿಸುತ್ತಿದ್ದ.

“ರಾಜಶ್ರೀ ಅವ್ರೇ, ಇನ್ನೂ ಕೋಪ ಇದೆಯಾ?”

“ಐತಿ.”

“ಸೋತಿದ್ದಕ್ಕಾ?”

“ಅದಕ್ಕೂ. ಆ ಕಂಬ ಅಷ್ಟು ದಪ್ಪ ಯಾಕ ಮಾಡ್ಯಾರ?” ನಾಲ್ಕು ಹೆಜ್ಜೆ ನಡೆದು ನಿಂತಳು. “ನಿಮ್ಮ ಮ್ಯಾಲೂ.”

“ಎಲ್ರ ಮುಂದೆ ಹೇಳ್ದೆನಲ್ಲ!”

“ಅದನ್ನ ಹೇಳಾಕತ್ತೀನಿ. ಎಲ್ಲರಿಗೂ ಹೇಳಿದ್ರಿ. ವೇಣೂಗ ಹೇಳಿದ್ರಿ, ನಿಮ್ಮ ಅವ್ವಾರಿಗೆ ಹೇಳಿದ್ರಿ, ಚಪ್ಪಲಿ ಹುಡುಕೋರಿಗೂ ಹೇಳಿದ್ರಿ. ‘ಇವರು ಇಷ್ಟ’ ಅಂತ ಊರಿಗೆಲ್ಲ ಡಂಗುರ ಹೊಡದ್ರಿ. ಆ ‘ಇವರಿಗೆ’ ಹೇಳೂದು ಯಾವಾಗ? ನನ್ನ ಕೇಳೂದು ಬ್ಯಾಡೇನು? ಮೊದಲು ನನಗ ಒಬ್ಬಾಕಿಗೆ ಹೇಳಬೇಕಿತ್ತಲ್ರೀ!”

ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. ಎಲ್ಲರ ಮುಂದೆ ಹೇಳಬೇಕಾದ್ದನ್ನು ಅವತ್ತು ನುಂಗಿಕೊಂಡಿದ್ದ, ಅವಳೊಬ್ಬಳಿಗೆ ಹೇಳಬೇಕಾದ್ದನ್ನು ಎಲ್ಲರ ಮುಂದೆ ಹೇಳಿಬಿಟ್ಟಿದ್ದ. ಅವನ ಕಿವಿ ಮೊದಲ ದಿನದ ಹಾಗೆ ಕೆಂಪಾಗಿತ್ತು. ರಾಜಶ್ರೀ ಬಲವಂತದಿಂದ ಹುಬ್ಬು ಗಂಟಿಕ್ಕಿಕೊಂಡೇ ನಿಂತಿದ್ದಳು. ಬಿಟ್ಟರೆ ನಗು ಬರುವಂತಿತ್ತು.

“ಈಗ ಹೇಳ್ಲಾ?”

“ಹೇಳ್ರಿ. ಆದ್ರ ರಸ್ತಾ ನೋಡಿ ಹೇಳಬ್ಯಾಡ್ರಿ. ಪಪ್ಪಾಯಿ ನೋಡಿನೂ ಬ್ಯಾಡ.”

ಅವನು ಅವಳ ಕಣ್ಣು ನೋಡಿದ. ಆಟೋ ಒಂದು ಹಾರ್ನು ಹೊಡೆಯುತ್ತ ಹಾದುಹೋಯಿತು. ಅವನು ಅದು ಹೋಗುವವರೆಗೆ ಕಾದ, ಒಂದಕ್ಷರವೂ ಕಳೆದುಹೋಗಬಾರದೆಂಬಂತೆ.

“ನೀನಂದ್ರೆ ನಂಗಿಷ್ಟ, ರಾಜಶ್ರೀ. ತುಂಬಾ. ನೀನು ಬೈಯೋದೂ ಇಷ್ಟ. ಅವತ್ತು ನಾನು ಸುಮ್ನೆ ನಿಂತಿದ್ದಕ್ಕೆ ನಂಗೇ ನನ್ ಮೇಲೆ ಕೋಪ ಇದೆ. ನಿಂಗೆ ನಾನು… ಇಷ್ಟ ಆಗ್ತೀನಾ?”

ಅವಳು ಬ್ಯಾಗಿನ ಪಟ್ಟಿಯನ್ನು ಭುಜದ ಮೇಲೆ ಸರಿಮಾಡಿಕೊಂಡಳು. ಗಂಟಿಕ್ಕಿದ ಹುಬ್ಬು ತಾನಾಗಿಯೇ ಸಡಿಲವಾಯಿತು.

“ಇಷ್ಟ ಇರದಿದ್ರ ಇಷ್ಟು ಸಿಟ್ಟು ಯಾಕ ಬರ್ತಿತ್ತೋ ಹುಚ್ಚಪ್ಪಾ?”

ಅವನ ಮುಖ ತುಂಬ ನಗು ಹರಡಿತು. ಹಾಗೆ ನಗುವುದು ಸರಿಯಲ್ಲ ಎಂದು ಅವಳಿಗನ್ನಿಸಿತು, ರಸ್ತೆಯಲ್ಲಿ ಜನ ಇದ್ದರು.

“ಹಂಗಾದ್ರೆ ಕೋಪ ಹೋಯ್ತಾ?”

“ಎಲ್ಲಿ ಹೋಗ್ತೈತಿ? ಪೂರಾ ಒಂದು ವಾರದ್ದು ಉಳದೈತಿ. ಬಿಟಿಎಂ ತನಕ ನಡಿ, ಬೈಕೋತ ಹೋಗ್ತೀನಿ.”

ಅವನು ನಡೆದ. ಅವಳು ಮಾತು ಕೊಟ್ಟಂತೆ ಬೈಯಲು ಶುರುಮಾಡಿದಳು. ಅಡ್ಜಸ್ಟ್ ಎಂಬ ಶಬ್ದದಿಂದ ಶುರುಮಾಡಿ, ವೈರಸ್ಸಿಗೆ ಹೋಗಿ, ಮತ್ತೆ ಅಡ್ಜಸ್ಟಿಗೆ ಬಂದಳು. ಅವನು ಪ್ರತಿಯೊಂದಕ್ಕೂ ಹೂಂ ಎಂದ, ಒಂದಕ್ಕೂ ಸಾರಿ ಅನ್ನಲಿಲ್ಲ. ತಿರುವು ದಾಟುವಾಗ ಎದುರಿನಿಂದ ವೇಣುವಿನ ದಂಡು ಬಂತು. ರಾಜಶ್ರೀ ಮಾತು ನಿಲ್ಲಿಸಿದಳು. ಚಲುವರಾಜು ಅವಳ ಕೈಯನ್ನು ಮೆಲ್ಲಗೆ ತನ್ನ ಕೈಯೊಳಗೆ ತೆಗೆದುಕೊಂಡ. ದಂಡು ಹತ್ತಿರ ಬಂತು, ನೋಡಿತು, ದಾಟಿ ಹೋಯಿತು. ಅವನು ಬಿಡಲಿಲ್ಲ.

“ಮುಂದೆ ಹೇಳು,” ಅಂದ. “ಎಲ್ಲಿಗೆ ಬಂದಿದ್ದೆ ಬೈತಾ?”